ಮೂಡುಬಿದಿರೆಯ ಓಲೆಗರಿಗಳೂ ಆರ್ಯಿಕಾ ಪರಂಪರೆಯೂ

ಮೂಡುಬಿದಿರೆಯನ್ನು ಜೈನಕಾಶಿಯೆಂದು ಕರೆಯುವುದು ವಾಡಿಕೆ. ಹದಿನೆಂಟು ಬಸದಿಗಳ ಈ ಊರಿಗೆ ಬಂಟ್ವಾಳದ ಕಡೆಯಿಂದಲೂ ಬೆಳ್ತಂಗಡಿಯ ಕಡೆಯಿಂದಲೂ ಯಾತ್ರಿಕರು ನಿತ್ಯವೂ ಬರುತ್ತಾರೆ. 1430ರಲ್ಲಿ ಶ್ರೇಷ್ಠಿಗಳ ದಾನದಿಂದ ಎದ್ದುನಿಂತ ತ್ರಿಭುವನ ತಿಲಕ ಚೂಡಾಮಣಿ ಬಸದಿಯ ಕಂಬಗಳನ್ನು ನೋಡುತ್ತಾರೆ. ಚಂದ್ರನಾಥ ಸ್ವಾಮಿಯ ದರ್ಶನ ಪಡೆಯುತ್ತಾರೆ. ಗುರು ಬಸದಿಯಲ್ಲಿ ಪಾರ್ಶ್ವನಾಥ ಸ್ವಾಮಿಗೆ ನಮಿಸಿ ಸಿದ್ಧಾಂತ ದರ್ಶನ ಮಾಡುತ್ತಾರೆ. ಚಾರುಕೀರ್ತಿ ಎಂಬ ಪಟ್ಟದ ಹೆಸರನ್ನು ಪರಂಪರೆಯಾಗಿ ಧರಿಸುತ್ತ ಬಂದಿರುವ ಭಟ್ಟಾರಕರ ಮಠಕ್ಕೆ ಹೋಗಿ ಆಶೀರ್ವಾದ ಬೇಡುತ್ತಾರೆ. ಅನ್ಯಧರ್ಮೀಯರಾದ ಯಾತ್ರಿಕರು, ಅದರಲ್ಲೂ ವಿದೇಶೀಯರು, ಇಲ್ಲಿ ಒಂದು ಪ್ರಶ್ನೆಯನ್ನು ಕೇಳುವುದುಂಟು. ಮಧ್ಯಯುಗದ ಮಠವೊಂದು ಇಂದಿಗೂ ಜೀವಂತವಾಗಿದೆ, ಸರಿ. ಆದರೆ ಇದರಲ್ಲಿ ಸನ್ಯಾಸಿನಿಯರು ವಾಸಿಸುವ ಭಾಗ ಎಲ್ಲಿದೆ?

ಕ್ರೈಸ್ತರ ಕಾನ್ವೆಂಟುಗಳನ್ನೂ ಬೌದ್ಧರ ಭಿಕ್ಷುಣೀ ವಿಹಾರಗಳನ್ನೂ ಬಲ್ಲವರಿಗೆ ಈ ಪ್ರಶ್ನೆ ಸಹಜವಾದುದು. ನಮ್ಮ ಮಕ್ಕಳೂ ಅದನ್ನು ಕೇಳಿದರೆ ಉತ್ತರ ಹೇಳಲು ಬರಬೇಕು. ಉತ್ತರವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಆರ್ಯಿಕೆಗೆ ಸ್ವಂತದ ಮನೆಯಿಲ್ಲ, ಸ್ವಂತದ ಮಠವೂ ಇಲ್ಲ. ಆದರೆ ಆ ಒಂದು ವಾಕ್ಯದ ಹಿಂದೆ ಸಾವಿರದ ಮುನ್ನೂರು ವರ್ಷಗಳ ಶಾಸನಗಳಿವೆ. ಇದೇ ಮೂಡುಬಿದಿರೆಯಲ್ಲಿ ಸಂರಕ್ಷಿತವಾದ ಓಲೆಗರಿಗಳಿವೆ. ಆ ಗರಿಗಳಲ್ಲಿದ್ದ ಒಂದು ಪದಕ್ಕಾಗಿ ಇಪ್ಪತ್ತನೆಯ ಶತಮಾನದಲ್ಲಿ ನಡೆದ ದೊಡ್ಡ ವಾದವಿದೆ. ಅವುಗಳನ್ನು ಕ್ರಮವಾಗಿ ನೋಡಿದರೆ ಶ್ರಾವಕ ಸಮಾಜದ ಕರ್ತವ್ಯವೇನೆಂಬುದೂ ಸ್ಪಷ್ಟವಾಗುತ್ತದೆ.

ಶಾಸನಗಳಲ್ಲಿ ಕಂತಿಯರು

ಚತುರ್ವಿಧ ಸಂಘವೆಂದರೆ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ಕು ಅಂಗಗಳು. ಭಗವಾನ್ ಮಹಾವೀರರ ಸಂಘದಲ್ಲಿ ಮುನಿಗಳ ಸಂಖ್ಯೆ 14,000 ಇದ್ದರೆ ಚಂದನಾ ಮಾತೆಯ ನೇತೃತ್ವದ ಆರ್ಯಿಕೆಯರ ಸಂಖ್ಯೆ 36,000 ಇತ್ತೆಂದು ಪರಂಪರೆ ಹೇಳುತ್ತದೆ. ಆದುದರಿಂದ ಸ್ತ್ರೀಯರ ತ್ಯಾಗಜೀವನ ನಮ್ಮಲ್ಲಿ ಅಪವಾದವಾಗಿ ಬಂದುದಲ್ಲ, ಮೊದಲಿನಿಂದಲೂ ಸಂಘದ ರಚನೆಯಲ್ಲಿಯೇ ಸೇರಿದ್ದುದು.

ಕನ್ನಡನಾಡಿನಲ್ಲಿ ಇದಕ್ಕೆ ಕಲ್ಲಿನ ಸಾಕ್ಷ್ಯವಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸುಮಾರು ಏಳನೆಯ ಶತಮಾನಕ್ಕೆ ಸೇರಿದ ಅನೇಕ ನಿಷಿಧಿ ಶಾಸನಗಳಿವೆ. ಅವು ಬಹುತೇಕ ಚಿಕ್ಕ ಬರಹಗಳು. ಕೆಲವಂತೂ ಬಂಡೆಯ ಮೇಲೆ ನೇರವಾಗಿ ಕೊರೆದ ಎರಡು ಮೂರು ಸಾಲುಗಳು. ಅವುಗಳಲ್ಲಿ ನಾಗಮತಿ ಗಂತಿ, ಶಶಿಮತಿ ಗಂತಿ, ರಾಜ್ಞಿಮತಿ ಗಂತಿ, ಅನಂತಮತಿ ಗಂತಿ, ಗುಣಮತಿ ಅವ್ವೆ ಮೊದಲಾದ ಹೆಸರುಗಳು ಕಾಣಸಿಗುತ್ತವೆ. ಗಂತಿ ಅಥವಾ ಕಂತಿ ಎಂದರೆ ಜೈನ ಸನ್ಯಾಸಿನಿ. ನಾಗಮತಿ ಗಂತಿ ಮೂರು ತಿಂಗಳ ವ್ರತವನ್ನು ನಡೆಸಿ ದೇಹವಿಟ್ಟಳೆಂದೂ, ನವಿಲೂರು ಸಂಘದ ಅನಂತಮತಿ ಗಂತಿ ದ್ವಾದಶ ತಪಗಳನ್ನು ಆಚರಿಸಿ ಕಟವಪ್ರದ ಮೇಲೆ ಸಮಾಧಿಯನ್ನು ಹೊಂದಿದಳೆಂದೂ ಅವುಗಳಿಂದ ತಿಳಿದುಬರುತ್ತದೆ. ಮುನಿಗಳ ಹೆಸರುಗಳ ಪಕ್ಕದಲ್ಲಿಯೇ, ಅದೇ ಬಂಡೆಯಲ್ಲಿ, ಅದೇ ಗೌರವದ ಮಾತುಗಳಿಂದ ಇವರ ಹೆಸರುಗಳನ್ನು ಕೊರೆದಿರುವುದನ್ನು ಗಮನಿಸಬೇಕು. ಸಲ್ಲೇಖನದ ಕಠಿಣ ಮಾರ್ಗದಲ್ಲಿ ಸ್ತ್ರೀಪುರುಷ ಭೇದವನ್ನು ಆ ಕಾಲದ ಸಂಘ ಎಣಿಸಲಿಲ್ಲ.

ಹತ್ತನೆಯ ಶತಮಾನದ ಪಾಂಬಬ್ಬೆಯ ವೃತ್ತಾಂತ ಇನ್ನೂ ಸ್ಪಷ್ಟವಾಗಿದೆ. ಈಕೆ ಗಂಗರ ಬೂತುಗನ ಅಕ್ಕ; ರಾಜಕುಲದಲ್ಲಿ ಹುಟ್ಟಿ ಸಕಲ ವೈಭವಗಳನ್ನೂ ಕಂಡವಳು. ನಾಣಬ್ಬೆ ಕಂತಿಯ ಶಿಷ್ಯೆಯಾಗಿ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ಸಮಾಧಿಮರಣವನ್ನು ಹೊಂದಿದಳೆಂದು ಕಡೂರಿನ ಶಾಸನ ಸಾರುತ್ತದೆ. ಇಲ್ಲಿ ಎರಡು ವಿಷಯಗಳಿವೆ. ಒಂದು, ಮೂವತ್ತು ವರ್ಷಗಳ ದೀರ್ಘ ತಪಸ್ಸು. ಇದು ಮರಣ ಸಮೀಪಿಸಿದಾಗ ಸ್ವೀಕರಿಸಿದ ವ್ರತವಲ್ಲ, ಪೂರ್ಣ ಜೀವನ. ಮತ್ತೊಂದು, ಸನ್ಯಾಸಿನಿಗೆ ಗುರುವಾಗಿದ್ದವಳೂ ಸನ್ಯಾಸಿನಿಯೇ. ಗುರುಶಿಷ್ಯ ಪರಂಪರೆ ಕಂತಿಯರ ನಡುವೆಯೂ ನಡೆದುಬಂದಿತ್ತೆಂಬುದಕ್ಕೆ ಇದು ಪ್ರಮಾಣ. ಕನ್ನಡ ಸಾಹಿತ್ಯದಲ್ಲಿ ನಾಗಚಂದ್ರನ ಜೊತೆಗೆ ಹೆಸರು ಕೇಳಿಬರುವ ಕವಯಿತ್ರಿಯನ್ನು ಪರಂಪರೆ 'ಕಂತಿ' ಎಂದೇ ನೆನೆಯುತ್ತದೆ. ತ್ಯಾಗದ ಜೊತೆಗೆ ವಿದ್ಯೆಯೂ ಅವರ ಸೊತ್ತಾಗಿತ್ತೆಂದು ಜನಮನ ನಂಬಿತ್ತು.

ಸನ್ಯಾಸಿನಿಯರಿಗೆಂದೇ ಪ್ರತ್ಯೇಕ ನೆಲೆ ಎಲ್ಲಿಯಾದರೂ ಇತ್ತೇ? ನೆರೆಯ ತಮಿಳುನಾಡಿನಲ್ಲಿ ಇದ್ದುದಕ್ಕೆ ಆಧಾರಗಳಿವೆ. ಅಲ್ಲಿ ಜೈನ ಸನ್ಯಾಸಿನಿಯನ್ನು 'ಕುರತ್ತಿ' ಎನ್ನುತ್ತಿದ್ದರು. ಒಂಬತ್ತನೆಯ ಶತಮಾನದ ಕೊನೆಯಲ್ಲಿ, ಚೋಳ ಒಂದನೆಯ ಆದಿತ್ಯನ ಕಾಲದಲ್ಲಿ, ವೇಡಾಲ್ ಎಂಬಲ್ಲಿ ಕನಕವೀರ ಕುರತ್ತಿಯೆಂಬ ಸನ್ಯಾಸಿನಿಗೆ ಐನೂರು ಮಂದಿ ಶಿಷ್ಯರಿದ್ದರು. ಅವರಿಗೂ ಮತ್ತೊಂದು ಗುಂಪಿಗೂ ವಿವಾದ ಉಂಟಾದಾಗ ಊರಿನ ಶ್ರಾವಕರು ಕುರತ್ತಿಯನ್ನೂ ಆಕೆಯ ಶಿಷ್ಯರನ್ನೂ ರಕ್ಷಿಸಿ ಆಹಾರದ ವ್ಯವಸ್ಥೆ ಮಾಡುವೆವೆಂದು ಶಾಸನ ಬರೆಸಿದರು. ಹತ್ತನೆಯ ಶತಮಾನದಲ್ಲಿ ವಿಳಾಪ್ಪಾಕ್ಕಮ್ ಎಂಬಲ್ಲಿ ಪಟ್ಟಿನಿ ಕುರತ್ತಿ ಬಾವಿಯೊಂದನ್ನು ತೋಡಿಸಿದಳು. ಆ ಬಾವಿಯೂ ಮನೆಯೂ ಸೇರಿ 'ಪೆಣ್‌ಪಳ್ಳಿ' ಆಯಿತು, ಎಂದರೆ ಸ್ತ್ರೀಯರ ಆಶ್ರಮ. ಒಂದು ಬಾವಿ, ಒಂದು ಮನೆ, ಅದನ್ನು ಕಾಯುವ ಊರ ಶ್ರಾವಕರು: ಇಷ್ಟೇ ಆ ಆಶ್ರಮದ ಸಂಪತ್ತು.

ಮೂಲಾಚಾರದ ವ್ಯವಸ್ಥೆ

ವಟ್ಟಕೇರ ಆಚಾರ್ಯರ ಮೂಲಾಚಾರ ದಿಗಂಬರ ತ್ಯಾಗಿಗಳ ಆಚಾರಸಂಹಿತೆ. ಆರ್ಯಿಕೆಯರ ವಿಷಯದಲ್ಲಿ ಅದು ಹೇಳುವ ನಿಯಮಗಳು ಬಹಳ ವ್ಯಾವಹಾರಿಕವಾಗಿವೆ. ಆರ್ಯಿಕೆ ಒಂಟಿಯಾಗಿರಬಾರದು, ಇಬ್ಬರು, ಮೂವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಟ್ಟಾಗಿ ಇರಬೇಕು. ವಸತಿ ಗೃಹಸ್ಥರ ಮನೆಯೊಳಗೆ ಬೆರೆತಿರಬಾರದು. ಅದು ಅಪಾಯವಿಲ್ಲದ ಸ್ಥಳವಾಗಿರಬೇಕು. ಆಹಾರಕ್ಕೆ ಹೊರಡುವಾಗ ಮೂವರು, ಐವರು ಅಥವಾ ಏಳು ಮಂದಿ ಹಿರಿಯರನ್ನು ಮುಂದಿಟ್ಟುಕೊಂಡು, ಒಬ್ಬರನ್ನೊಬ್ಬರು ಕಾಯುತ್ತ ನಡೆಯಬೇಕು. ಅಧ್ಯಯನ, ಪಠನ, ಶ್ರವಣ, ಚಿಂತನೆಗಳಲ್ಲಿ ಕಾಲ ಕಳೆಯಬೇಕು.

ಈ ನಿಯಮಗಳನ್ನು ಓದಿದವರಿಗೆ ಒಂದು ಮಾತು ತಟ್ಟನೆ ಹೊಳೆಯುತ್ತದೆ. ವಸತಿ ಹೇಗಿರಬೇಕೆಂದು ಗ್ರಂಥ ಹೇಳುತ್ತದೆ. ಆದರೆ ಅದನ್ನು ಕಟ್ಟುವ ಕೆಲಸವನ್ನು ಆರ್ಯಿಕೆಗೆ ಹೇಳುವುದಿಲ್ಲ. ಅಪರಿಗ್ರಹದ ವ್ರತವನ್ನು ಹೊತ್ತವಳು ಮನೆ ಕಟ್ಟಲಾರಳು, ಬಾಡಿಗೆ ಕೊಡಲಾರಳು, ಒಲೆ ಹಚ್ಚಲಾರಳು. ಒಂದು ಬಿಳಿಯ ಸೀರೆ, ಒಂದು ಪಿಂಛಿ, ಒಂದು ಕಮಂಡಲು, ಓದಲು ಶಾಸ್ತ್ರ, ಇವಿಷ್ಟು ಮಾತ್ರ ಅವಳ ಬಳಿ ಇರುತ್ತವೆ. ವರ್ಷದ ಎಂಟು ತಿಂಗಳು ವಿಹಾರ, ಮಳೆಗಾಲದಲ್ಲಿ ಒಂದೇ ಊರಿನಲ್ಲಿ ಚಾತುರ್ಮಾಸ. ತುಳುನಾಡಿನವರಿಗೆ ಚಾತುರ್ಮಾಸದ ಅರ್ಥವನ್ನು ವಿವರಿಸಬೇಕಾಗಿಲ್ಲ. ಆಷಾಢದ ಮಳೆ ಹಿಡಿಯಿತೆಂದರೆ ಅಂಗಳದ ಕಲ್ಲಿನ ಮೇಲೆ ಪಾಚಿ, ಗದ್ದೆಯ ಬದುವಿನ ತುಂಬ ಹುಳು, ಕಪ್ಪೆ, ಬಸವನಹುಳು, ಹೆಜ್ಜೆಯಿಟ್ಟಲ್ಲೆಲ್ಲ ಜೀವ. ನಡೆಯದೆ ನಿಲ್ಲುವುದೇ ಆಗ ಅಹಿಂಸೆ.

ಹೀಗೆ ಆರ್ಯಿಕೆಯ ಮಠವೆಂಬುದು ಕಲ್ಲಿನ ಕಟ್ಟಡವಲ್ಲ. ಅವರು ಬಂದು ತಂಗಿದ ನಾಲ್ಕು ತಿಂಗಳು ಊರಿನ ಶ್ರಾವಕ ಸಮಾಜವೇ ಅವರ ಮಠ. ಯಾತ್ರಿಕನ ಪ್ರಶ್ನೆಗೆ ಇದೇ ಮೊದಲನೆಯ ಉತ್ತರ. ಬಸದಿಯ ಪಕ್ಕದ ವಸತಿಗೃಹ ಶುಚಿಯಾಗಿದ್ದರೆ, ಆಹಾರದಾನದ ಮನೆಗಳಲ್ಲಿ ಶುದ್ಧಿಯಿದ್ದರೆ, ವಿಹಾರದ ದಾರಿಯಲ್ಲಿ ಜೊತೆಗೆ ನಡೆಯುವವರಿದ್ದರೆ ಆ ಮಠ ಇದೆ, ಇಲ್ಲದಿದ್ದರೆ ಇಲ್ಲ.

ಸ್ತ್ರೀಯರು ಉಳಿಸಿದ ಗ್ರಂಥ

ಎರಡನೆಯ ಉತ್ತರ ಮೂಡುಬಿದಿರೆಯ ಓಲೆಗರಿಗಳಲ್ಲಿದೆ. ದಿಗಂಬರ ಪರಂಪರೆಯ ಅತ್ಯಂತ ಪ್ರಾಚೀನ ಆಗಮವಾದ ಷಟ್ಖಂಡಾಗಮ ಮೂಡುಬಿದಿರೆಯ ಗರಿಗಳಿಂದಲೇ ಜಗತ್ತಿಗೆ ದೊರೆಯಿತು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಂದಿಗೆ ಶ್ರುತಜ್ಞಾನ ಅಳಿದುಹೋಗಬಾರದೆಂದು ಪುಷ್ಪದಂತ, ಭೂತಬಲಿ ಎಂಬಿಬ್ಬರು ಮುನಿಗಳಿಗೆ ಅದನ್ನು ಬೋಧಿಸಿದರು. ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ನಮ್ಮ ಬನವಾಸಿಯ ಕಡೆಗೆ ಬಂದು ಮೊದಲ ಭಾಗವಾದ ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿ ಜಿನಪಾಲಿತನ ಮೂಲಕ ಭೂತಬಲಿಗಳಿಗೆ ಕಳುಹಿಸಿದರು. ಭೂತಬಲಿಗಳು ಉಳಿದುದನ್ನು ಪೂರ್ತಿಗೊಳಿಸಿದರು. ಆ ಗ್ರಂಥ ಪೂರ್ಣವಾಗಿ ಪೂಜೆಗೊಂಡ ದಿನವೇ ಜ್ಯೇಷ್ಠ ಶುದ್ಧ ಪಂಚಮಿ, ನಮ್ಮ ಶ್ರುತಪಂಚಮಿ. ವೀರಸೇನಾಚಾರ್ಯರು ಅದಕ್ಕೆ ಧವಲಾ ಟೀಕೆಯನ್ನು 816ರಲ್ಲಿ ಮುಗಿಸಿದರು. ಕಷಾಯಪ್ರಾಭೃತಕ್ಕೆ ಅವರು ಆರಂಭಿಸಿದ ಜಯಧವಲಾ ಟೀಕೆಯನ್ನು ಶಿಷ್ಯ ಜಿನಸೇನರು 837ರಲ್ಲಿ ಪೂರ್ಣಗೊಳಿಸಿದರು.

ಇವುಗಳ ಓಲೆಪ್ರತಿಗಳನ್ನು ಬರೆಯಿಸಿದವರು ಯಾರು? ಪ್ರತಿಗಳ ಕೊನೆಯ ಪ್ರಶಸ್ತಿಗಳೇ ಇದನ್ನು ಹೇಳುತ್ತವೆ. ಧವಲಾ ಪ್ರತಿಯನ್ನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ದಾನವಾಗಿ ಕೊಟ್ಟವಳು ದೇಮಿಯಕ್ಕ. ಭುಜಬಲ ಗಂಗ ಪೆರ್ಮಾಡಿದೇವನ ಅತ್ತೆ. ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಆಕೆ ಈ ದಾನವನ್ನು ಮಾಡಿದಳು. ಶ್ರವಣಬೆಳಗೊಳದ 1120ರ ಶಾಸನವೊಂದು ಚಾಮುಂಡನೆಂಬ ವರ್ತಕನ ಪತ್ನಿಯೂ ಶುಭಚಂದ್ರರ ಶಿಷ್ಯೆಯೂ ಆದ ದೇಮತಿಯನ್ನು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಿಗಾಗಿ ಹೊಗಳುತ್ತದೆ. ಈಕೆಯೇ ದೇಮಿಯಕ್ಕನಿರಬೇಕೆಂಬುದು ಗ್ರಂಥಸಂಪಾದಕರ ಅಭಿಪ್ರಾಯ. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದವಳು ಮಲ್ಲಿಕಬ್ಬೆ. ಅದೂ ಪಂಚಮಿಯ ನೋಂಪಿಯ ಉದ್ಯಾಪನೆಗಾಗಿಯೇ. ಅದಕ್ಕೂ ಮುಂಚೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಕೀರ್ತಿಯನ್ನು ಪಡೆದಿದ್ದಳು. ಈ ಪರಂಪರೆಯಲ್ಲಿಯೇ ದೇಮಿಯಕ್ಕ, ಮಲ್ಲಿಕಬ್ಬೆಯರು ಬರುತ್ತಾರೆ.

ಒಂದು ದೊಡ್ಡ ಗ್ರಂಥವನ್ನು ಓಲೆಗರಿಯಲ್ಲಿ ಬರೆಯಿಸುವುದೆಂದರೆ ಸಾಮಾನ್ಯ ವೆಚ್ಚವಲ್ಲ. ಗರಿಗಳನ್ನು ಆರಿಸಿ, ಹದಗೊಳಿಸಿ, ಅಳತೆಗೆ ಕತ್ತರಿಸಬೇಕು. ಲಿಪಿಕಾರನಿಗೆ ವರ್ಷಗಟ್ಟಲೆ ಜೀವನೋಪಾಯ ಒದಗಿಸಬೇಕು. ತಪ್ಪುಗಳನ್ನು ತಿದ್ದಲು ಶಾಸ್ತ್ರಜ್ಞರು ಬೇಕು. ಧವಲಾ ಪ್ರತಿಯ ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಕೈಮುಗಿದು ಕುಳಿತ ಭಕ್ತಜನ ಅವುಗಳಲ್ಲಿ ಕಾಣುತ್ತಾರೆ. ಹೊಯ್ಸಳ ಕಾಲದ ಚಿತ್ರಕಲೆಯ ಅಪೂರ್ವ ಮಾದರಿಗಳೆಂದು ಕಲಾವಿಮರ್ಶಕರು ಅವುಗಳನ್ನು ಮೆಚ್ಚಿದ್ದಾರೆ. ಆ ಸ್ತ್ರೀಯರು ಒಡವೆಗೆ ಹಾಕಬಹುದಾಗಿದ್ದ ಹೊನ್ನನ್ನು ಅಕ್ಷರಕ್ಕೆ ಹಾಕಿದರು. ಒಡವೆ ಉಳಿಯಲಿಲ್ಲ, ಅರಮನೆಗಳೂ ಉಳಿಯಲಿಲ್ಲ. ಅಕ್ಷರ ಒಂಬೈನೂರು ವರ್ಷ ಉಳಿಯಿತು.

ಪ್ರತಿ ಮಾಡಿದ ಕಥೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಈ ಗರಿಗಳು ಸವೆಯತೊಡಗಿದ್ದವು. ಸೊಲ್ಲಾಪುರದ ಹೀರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಪಾನಾಚಂದ ಎಂಬ ಶ್ರೇಷ್ಠಿಗಳು ಮುಂದಾಗಿ ಪ್ರತಿ ಮಾಡಿಸುವ ಏರ್ಪಾಡು ಮಾಡಿದರು. 1896ರಲ್ಲಿ ಆರಂಭವಾದ ಕಾರ್ಯ ಮುಗಿದುದು 1922ರಲ್ಲಿ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಉಪಾಧ್ಯಾಯರೂ ದೇವನಾಗರಿಯಲ್ಲಿ ಬರೆದರು. ಪ್ರತಿಗಳು ಮೂಡುಬಿದಿರೆಯಿಂದ ಹೊರಗೆ ಹೋಗಬಾರದೆಂಬುದು ಅಲ್ಲಿಯವರ ಕಟ್ಟುನಿಟ್ಟಾದ ಅಪೇಕ್ಷೆಯಾಗಿತ್ತು.

ಈ ನಡುವೆ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಮತ್ತೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಸಿದ್ಧಪಡಿಸಿದರು. ಅದರಲ್ಲಿ ಅವರಿಗೆ ನೆರವಾದವರು ವಿದುಷಿಯಾಗಿದ್ದ ಅವರ ಪತ್ನಿ ಲಕ್ಷ್ಮೀಬಾಯಿ. ಈ ಪ್ರತಿಯನ್ನು ಸೊಲ್ಲಾಪುರ ಮುಂಬಯಿಗಳ ಶ್ರೇಷ್ಠಿಗಳಿಗೆ ನೀಡಲು ಹೋದಾಗ ಹೀಗೆ ಬಂದುದನ್ನು ಸ್ವೀಕರಿಸುವುದು ನೀತಿಯಲ್ಲವೆಂದು ಅವರು ನಿರಾಕರಿಸಿದರು. ಕೊನೆಗೆ ಅದು ಸಹಾರಣಪುರದ ಲಾಲಾ ಜಂಬೂಪ್ರಸಾದರ ಕೈಸೇರಿತು. ಅಲ್ಲಿ ನಾಗರಿ ಪ್ರತಿ ಮಾಡಿದ ಸೀತಾರಾಮ ಶಾಸ್ತ್ರಿಗಳ ಮೂಲಕ ಉತ್ತರಭಾರತದ ಅನೇಕ ಭಂಡಾರಗಳಿಗೆ ಪ್ರತಿಗಳು ತಲುಪಿದವು. ಇಂದು ಧವಲಾ ಅಚ್ಚಿನಲ್ಲಿ ದೊರೆಯುವುದಕ್ಕೆ ಈ ಮಾರ್ಗವೇ ಕಾರಣ.

ನೀತಿವಿಚಾರದಲ್ಲಿ ಈ ಪ್ರಸಂಗ ಸುಲಭವಾದುದಲ್ಲ. ಅಚೌರ್ಯವ್ರತದ ದೃಷ್ಟಿಯಿಂದ ನೋಡಿದರೆ ಒಡೆಯನ ಸಮ್ಮತಿಯಿಲ್ಲದೆ ಪಡೆದುದು ದೋಷವೇ. ಕೈಗೆ ಬಂದ ಅಮೂಲ್ಯ ನಿಧಿಯನ್ನು ಬೇಡವೆಂದ ಆ ಇಬ್ಬರು ವರ್ತಕರ ಸಂಯಮ ವ್ಯಾಪಾರಿಗಳಿಗೆಲ್ಲ ಮಾದರಿ. ಆದರೆ ಶಾಸ್ತ್ರದ ಒಡೆಯರು ಯಾರು? ಕಾವಲುಗಾರರು ಕಾವಲುಗಾರರೇ ಹೊರತು ಒಡೆಯರಲ್ಲ. ಶತಮಾನಗಳ ಕಾಲ ಮೂಡುಬಿದಿರೆಯವರು ಬೆಂಕಿ, ಗೆದ್ದಲು, ಯುದ್ಧಗಳಿಂದ ಈ ಗರಿಗಳನ್ನು ಕಾಪಾಡಿದುದರಿಂದಲೇ ಪ್ರತಿ ಮಾಡಲು ಏನಾದರೂ ಉಳಿದಿತ್ತೆಂಬುದನ್ನು ಮರೆಯಬಾರದು. ಹಾಗೆಯೇ, ಓದದೆ ಬೀಗದೊಳಗಿಟ್ಟ ಶ್ರುತ ಯಾರ ಅಜ್ಞಾನವನ್ನೂ ಕಳೆಯದೆಂಬುದನ್ನೂ ಮರೆಯಬಾರದು. ಎರಡು ಕರ್ತವ್ಯಗಳು ಎದುರಾದಾಗ ಗುಟ್ಟಿನ ಮಾರ್ಗವನ್ನು ಹಿಡಿಯದೆ ಸಮಾಜವನ್ನು ಒಪ್ಪಿಸುವುದೇ ಉತ್ತಮ. ಮುಂದೆ ಆದುದೂ ಹಾಗೆಯೇ. ಮುದ್ರಣಕಾರ್ಯ ಆರಂಭವಾದ ಬಳಿಕ ಮೂಡುಬಿದಿರೆಯ ಭಟ್ಟಾರಕರೂ ಪಂಚರೂ ಮೂಲ ಗರಿಗಳನ್ನು ತೆರೆದು ಪಾಠ ಹೋಲಿಸಲು ಅನುವು ಮಾಡಿಕೊಟ್ಟರು. ಪಂಡಿತ ಲೋಕನಾಥ ಶಾಸ್ತ್ರಿಗಳು ಆ ಶ್ರಮದ ಕೆಲಸವನ್ನು ನಡೆಸಿದರು. ಈ ಔದಾರ್ಯ ಇಲ್ಲದಿದ್ದರೆ ಮುಂದಿನ ಪ್ರಶ್ನೆ ಬಗೆಹರಿಯುತ್ತಿರಲಿಲ್ಲ.

ಒಂದು ಪದದ ಪ್ರಶ್ನೆ

ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಪ್ರಕಟವಾಯಿತು. ಹದಿನಾರು ಸಂಪುಟಗಳು ಮುಗಿದುದು 1958ರಲ್ಲಿ. ಮೊದಲ ಸಂಪುಟದಲ್ಲಿಯೇ ಸತ್ಪ್ರರೂಪಣೆಯ 93ನೆಯ ಸೂತ್ರ ಸಂಪಾದಕರನ್ನು ತಡೆದು ನಿಲ್ಲಿಸಿತು. ಮನುಷ್ಯಿನಿಯರು, ಅಂದರೆ ಮನುಷ್ಯಗತಿಯ ಸ್ತ್ರೀಯರು, ಯಾವ ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರಾಗಿರುತ್ತಾರೆ ಎಂಬುದು ಆ ಸೂತ್ರದ ವಿಷಯ. ಕೈಗೆ ದೊರೆತ ಪ್ರತಿಗಳಲ್ಲಿ ಮಿಶ್ರ, ಅಸಂಯತ ಸಮ್ಯಗ್ದೃಷ್ಟಿ, ಸಂಯತಾಸಂಯತ ಎಂಬ ಮೂರನೆಯ, ನಾಲ್ಕನೆಯ, ಐದನೆಯ ಗುಣಸ್ಥಾನಗಳ ಹೆಸರುಗಳು ಮಾತ್ರ ಇದ್ದವು. ಆದರೆ ಸೂತ್ರದ ಕೆಳಗೆ ವೀರಸೇನರು ಬರೆದ ವ್ಯಾಖ್ಯಾನವನ್ನು ಓದಿದರೆ ಮತ್ತೊಂದು ಪದ ಅಲ್ಲಿರಲೇಬೇಕೆಂದು ತೋರುತ್ತಿತ್ತು. ಆ ಪದ 'ಸಂಜದ', ಅಂದರೆ ಸಂಯತ: ಪೂರ್ಣ ಸಂಯಮ.

ಏಕೆಂದರೆ ವೀರಸೇನರು ತಾವೇ ಶಂಕೆಯೊಂದನ್ನು ಎತ್ತುತ್ತಾರೆ. ಈ ಆರ್ಷವಚನದಿಂದ ದ್ರವ್ಯಸ್ತ್ರೀಯರಿಗೆ ಮೋಕ್ಷ ಸಿದ್ಧವಾಗುವುದಿಲ್ಲವೇ ಎಂದು ಕೇಳಿ, ಇಲ್ಲ, ವಸ್ತ್ರ ಸಹಿತರಾದುದರಿಂದ ಅವರಿಗೆ ಪೂರ್ಣ ಸಂಯಮ ಉಂಟಾಗದು, ಇಲ್ಲಿ ಹೇಳಿರುವುದು ಭಾವಸ್ತ್ರೀಯರ ವಿಷಯ ಎಂದು ಸಮಾಧಾನ ಹೇಳುತ್ತಾರೆ. ಸೂತ್ರ ಐದನೆಯ ಗುಣಸ್ಥಾನಕ್ಕೇ ನಿಂತಿದ್ದರೆ ಮೋಕ್ಷದ ಶಂಕೆಗೆ ಅವಕಾಶವೇ ಇರಲಿಲ್ಲ. ಇಲ್ಲದ ಪದಕ್ಕೆ ಯಾವ ವ್ಯಾಖ್ಯಾನಕಾರನೂ ಸಮಾಧಾನ ಬರೆಯುವುದಿಲ್ಲ. ಹೀಗೆ ತರ್ಕಿಸಿ ಸಂಪಾದಕರು ಆ ಪದ ಬಿಟ್ಟುಹೋಗಿದೆಯೆಂದು ಸೂಚಿಸಿದರು.

ಸೂಚನೆ ದೊಡ್ಡ ವಿವಾದವನ್ನೇ ಎಬ್ಬಿಸಿತು. ಆ ಪದವನ್ನು ಸೇರಿಸಿದರೆ ದಿಗಂಬರ ಸಿದ್ಧಾಂತಕ್ಕೆ ಧಕ್ಕೆ ಬರುವುದೆಂದು ಹಲವು ಪಂಡಿತರು ಕಳವಳಗೊಂಡರು. ಸೇರಿಸಿದರೂ ಬಾಧೆಯಿಲ್ಲವೆಂದು ಹಲವರು ವಾದಿಸಿದರು. 1940ರ ದಶಕದ ಉದ್ದಕ್ಕೂ ಸಭೆಗಳೂ ಲೇಖನಗಳೂ ನಡೆದವು. ನಿರ್ಣಯ ಹೇಳಬೇಕಾದುದು ಮೂಲ ಪ್ರತಿ. ಮೂಡುಬಿದಿರೆಯ ಓಲೆಗರಿಯಲ್ಲಿ ನೋಡಿದಾಗ 'ಸಂಜದ' ಪದ ಇತ್ತು. ಹೊರಗೆ ಹೋದ ಕಾಗದದ ಪ್ರತಿಗಳಲ್ಲಿ ಅದು ತಪ್ಪಿಹೋಗಿತ್ತು. 1973ರಲ್ಲಿ ಸೊಲ್ಲಾಪುರದಿಂದ ಬಂದ ಪರಿಷ್ಕೃತ ಮುದ್ರಣದಲ್ಲಿ ಪದ ತನ್ನ ಸ್ಥಾನವನ್ನು ಪಡೆಯಿತು.

ಈ ಪ್ರಶ್ನೆ ಕನ್ನಡನಾಡಿಗೆ ಹೊಸದೇನಲ್ಲ. ಈ ನೆಲದಲ್ಲಿಯೇ ಪ್ರಬಲವಾಗಿದ್ದ ಯಾಪನೀಯ ಸಂಘದವರು ನಗ್ನತೆಯನ್ನು ಗೌರವಿಸಿಯೂ ಸ್ತ್ರೀಮುಕ್ತಿಯನ್ನು ಒಪ್ಪಿದ್ದರು; ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಕಟಾಯನ ಆಚಾರ್ಯನು ಅದನ್ನು ಸಮರ್ಥಿಸಿ ಸ್ತ್ರೀನಿರ್ವಾಣ ಪ್ರಕರಣವೆಂಬ ಗ್ರಂಥವನ್ನೇ ಬರೆದನು. ದಿಗಂಬರ ಆಚಾರ್ಯ ಪ್ರಭಾಚಂದ್ರರು ಅದನ್ನು ಖಂಡಿಸಿದರು. ಇಬ್ಬರೂ ಪ್ರತಿಪಕ್ಷದ ಮಾತನ್ನು ಪೂರ್ತಿಯಾಗಿ ಎತ್ತಿಕೊಂಡು ಉತ್ತರ ಕೊಟ್ಟರು. ವಾದದ ಮರ್ಯಾದೆ ಎಂದರೆ ಅದು.

ಇಲ್ಲಿ ಸಿದ್ಧಾಂತದ ತೀರ್ಪನ್ನು ಕೊಡುವುದು ಅನಗತ್ಯ. ಆರ್ಯಿಕೆಯ ಮಹಾವ್ರತಗಳು ಉಪಚಾರದಿಂದ ಎಂಬ ದಿಗಂಬರ ಪರಂಪರೆಯ ನಿಲುವಿಗೆ ಆ ಪದ ಬಾಧಕವಲ್ಲವೆಂಬುದನ್ನು ವೀರಸೇನರೇ ತೋರಿಸಿದ್ದಾರೆ. ಗಮನಿಸಬೇಕಾದುದು ಸತ್ಯವ್ರತದ ಪ್ರಶ್ನೆ. ಕೈತಪ್ಪಿನಿಂದ ಪದ ಬಿಟ್ಟುಹೋಗುವುದು ಮಾನವಸಹಜ. ಬಿಟ್ಟುಹೋದುದು ತಿಳಿದ ಮೇಲೂ, ನಮಗೆ ಅನುಕೂಲವಿಲ್ಲವೆಂದು ಅದನ್ನು ಹೊರಗಿಡಬಹುದೇ? ಲೆಕ್ಕದ ಪುಸ್ತಕದಲ್ಲಿ ಒಂದು ಬಾಬತ್ತನ್ನು ಬಿಟ್ಟರೆ ತಾಳೆ ಸರಿಹೋಗುವುದೆಂದು ಯಾವ ಪ್ರಾಮಾಣಿಕ ವರ್ತಕನೂ ಬಿಡುವುದಿಲ್ಲ; ಮೂಲ ಚೀಟಿಯನ್ನು ತೆಗೆದು ನೋಡುತ್ತಾನೆ. ಅಂಗಡಿಯ ಲೆಕ್ಕಕ್ಕೆ ಇರುವ ಈ ನೀತಿ ಆಗಮಕ್ಕೆ ಇಲ್ಲದೆ ಹೋದೀತೇ? ತನಗೆ ಇಕ್ಕಟ್ಟು ತಂದ ಪದವನ್ನು ವೀರಸೇನರು ಅಳಿಸಲಿಲ್ಲ, ವಿವರಿಸಿದರು. ಹನ್ನೆರಡನೆಯ ಶತಮಾನದ ಲಿಪಿಕಾರ ಅದನ್ನು ಬಿಡಲಿಲ್ಲ, ಬರೆದನು. ಮೂಡುಬಿದಿರೆ ಅದನ್ನು ಮುಚ್ಚಿಡಲಿಲ್ಲ, ತೋರಿಸಿತು. ಸ್ತ್ರೀಯರ ಸಂಯಮದ ಕುರಿತಾದ ಆ ಪದ ಇರುವ ಗರಿಗಳು ಸ್ತ್ರೀಯೊಬ್ಬಳ ದಾನವೆಂಬುದು ಚಿಂತಿಸಬೇಕಾದ ಸಂಗತಿ. ದೇಮಿಯಕ್ಕ ಹಣವಿಟ್ಟಿರದಿದ್ದರೆ ಸಾಕ್ಷಿಯೇ ಇರುತ್ತಿರಲಿಲ್ಲ.

ಕಾಲಚಕ್ರದ ಇನ್ನೊಂದು ಸುತ್ತನ್ನೂ ಇಲ್ಲಿ ನೆನೆಯಬೇಕು. 1934ರಲ್ಲಿ ಉತ್ತರಪ್ರದೇಶದ ಟಿಕೈತನಗರದಲ್ಲಿ ಜನಿಸಿ, 1956ರಲ್ಲಿ ಆಚಾರ್ಯ ವೀರಸಾಗರರಿಂದ ಆರ್ಯಿಕಾ ದೀಕ್ಷೆ ಪಡೆದ ಜ್ಞಾನಮತಿ ಮಾತಾಜಿಯವರು 1965ರ ಚಾತುರ್ಮಾಸವನ್ನು ಶ್ರವಣಬೆಳಗೊಳದಲ್ಲಿ ಮಾಡಿದರು. ಅಲ್ಲಿ ಬಾಹುಬಲಿಯ ಸನ್ನಿಧಿಯ ಧ್ಯಾನದಲ್ಲಿ ಹೊಳೆದ ಚಿಂತನೆಯೇ ಮುಂದೆ ಹಸ್ತಿನಾಪುರದ ಜಂಬೂದ್ವೀಪ ರಚನೆಯಾಯಿತು. ಅವರೇ 1995ರಲ್ಲಿ ಆರಂಭಿಸಿ 2007ರಲ್ಲಿ ಮುಗಿಸಿದ ಗ್ರಂಥ ಷಟ್ಖಂಡಾಗಮದ ಸಂಸ್ಕೃತ ಟೀಕೆ, ಸಿದ್ಧಾಂತಚಿಂತಾಮಣಿ. ಶ್ರಾವಿಕೆಯರು ಬರೆಯಿಸಿ ಉಳಿಸಿದ ಆಗಮಕ್ಕೆ ಆರ್ಯಿಕೆಯೊಬ್ಬರು ವ್ಯಾಖ್ಯಾನ ಬರೆದರು. ನಾಣಬ್ಬೆ ಕಂತಿಯ ಪರಂಪರೆ ಎಲ್ಲಿಯೂ ಮುಗಿದಿಲ್ಲ.

ತುಳುನಾಡಿನ ಜೈನರ ಹೊಣೆ

ತುಳುನಾಡಿನ ಜೈನ ಮನೆತನಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. ಅಳಿಯಸಂತಾನದ ಕಟ್ಟಿನಲ್ಲಿ ಇಲ್ಲಿಯ ಮನೆಗಳ ಹಕ್ಕು ಹೆಣ್ಣಿನ ಮೂಲಕ ಹರಿದುಬಂದಿತ್ತು. ಚೌಟರ ಮನೆತನದ ಉಳ್ಳಾಲದ ಅಬ್ಬಕ್ಕದೇವಿ ಪೋರ್ಚುಗೀಸರನ್ನು ಎದುರಿಸಿದಳು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು 35 ಅಡಿಯ ಬಾಹುಬಲಿಯನ್ನು ನಿಲ್ಲಿಸಿದನು. ಅದರ ಸಮೀಪದಲ್ಲಿಯೇ ರಾಣಿಯರು ಕಟ್ಟಿಸಿದ ಬಸದಿಯನ್ನು ಜನ ಇಂದಿಗೂ 'ಅಕ್ಕಂಗಳ ಬಸದಿ' ಎನ್ನುತ್ತಾರೆ. 2024ರ ಮಹಾಮಸ್ತಕಾಭಿಷೇಕಕ್ಕೆ ಬಂದವರಲ್ಲಿ ಎಷ್ಟು ಮಂದಿ ಅಕ್ಕಂಗಳ ಬಸದಿಯ ಮುಂದೆ ನಿಂತು ಆ ಅಕ್ಕಂದಿರನ್ನು ನೆನೆದರೋ! ಧರ್ಮಸ್ಥಳದ 39 ಅಡಿಯ ಬಾಹುಬಲಿಯ ಹಿಂದೆಯೂ ರತ್ನಮ್ಮ ಹೆಗ್ಗಡತಿಯವರ ಸಂಕಲ್ಪವಿದೆ. ಕಟ್ಟಿದವರಲ್ಲಿ, ಬರೆಯಿಸಿದವರಲ್ಲಿ, ತಪಸ್ಸು ಮಾಡಿದವರಲ್ಲಿ ಸ್ತ್ರೀಯರು ಮೊದಲಿನಿಂದಲೂ ಇದ್ದಾರೆ.

ಬಸದಿಗಳ ಆಡಳಿತ ಮಂಡಳಿಗಳು ಇದರಿಂದ ಕಲಿಯಬೇಕಾದುದು ಕೆಲವು ಸರಳ ವಿಷಯಗಳು. ಜೀರ್ಣೋದ್ಧಾರವೆಂದರೆ ಗೋಪುರಕ್ಕೆ ತಾಮ್ರದ ತಗಡು ಹೊದೆಸುವುದು, ಅಂಗಳಕ್ಕೆ ಗ್ರಾನೈಟ್ ಹಾಸುವುದು ಮಾತ್ರವಲ್ಲ. ಬಸದಿಯ ಬಳಿ ಆರ್ಯಿಕೆಯರು ಇಬ್ಬರು ಮೂವರಾಗಿ ಬಂದು ತಂಗಲು ಮೂಲಾಚಾರ ಹೇಳಿದಂತಹ ಒಂದು ವಸತಿ, ಅದರ ಪಕ್ಕದಲ್ಲಿ ಶುದ್ಧ ನೀರಿನ ಬಾವಿ ಇದೆಯೇ ಎಂದು ಮೊದಲು ನೋಡಬೇಕು. ವಿಳಾಪ್ಪಾಕ್ಕಮಿನ ಆಶ್ರಮಕ್ಕೆ ಬೇಕಾಗಿದ್ದುದೂ ಅಷ್ಟೇ. ವಿಹಾರದ ಕಾಲದಲ್ಲಿ ಬಂಟ್ವಾಳದಿಂದ ಮೂಡುಬಿದಿರೆಗೆ, ಅಲ್ಲಿಂದ ವೇಣೂರು, ಬೆಳ್ತಂಗಡಿ, ಧರ್ಮಸ್ಥಳಗಳಿಗೆ ವಾಹನದಟ್ಟಣೆಯ ಹೆದ್ದಾರಿಯ ಅಂಚಿನಲ್ಲಿ ಬರಿಗಾಲಲ್ಲಿ ನಡೆಯುವ ತ್ಯಾಗಿಗಳ ಜೊತೆಗೆ ಊರೂರಿನ ಯುವಕ ಯುವತಿಯರು ಸರದಿಯಂತೆ ನಡೆಯುವ ಪದ್ಧತಿ ಬಲಗೊಳ್ಳಬೇಕು. ಒಬ್ಬ ಮಾತಾಜಿ ನಮ್ಮ ಮನೆಯ ಮುಂದೆ ನಿಂತಾಗ 'ವಂದಾಮಿ' ಎಂದು ನಮಿಸಿ ವಿಧಿಪೂರ್ವಕ ಆಹಾರ ನೀಡಲು ಮನೆಯ ಕಿರಿಯರಿಗೆ ಬರಬೇಕು.

ಅದಕ್ಕಿಂತ ದೊಡ್ಡ ದಾನ ಶಾಸ್ತ್ರದಾನ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮೊದಲಾದ ಭಂಡಾರಗಳ ಓಲೆಗ್ರಂಥಗಳ ಸೂಚಿಯನ್ನು ತಯಾರಿಸಿದುದು 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಸೂಚಿಯಲ್ಲಿ ಹೆಸರಿದ್ದರೆ ಸಾಲದು, ಓದುವವರು ಬೇಕು. ಹಳೆಗನ್ನಡ ಲಿಪಿಯನ್ನೂ ಪ್ರಾಕೃತವನ್ನೂ ಬಲ್ಲವರ ಸಂಖ್ಯೆ ದಿನದಿಂದ ದಿನಕ್ಕೆ ಕ್ಷೀಣಿಸುತ್ತಿದೆ. ಮದುವೆಯ ಮಂಟಪದ ಒಂದು ದಿನದ ಹೂವಿನ ಅಲಂಕಾರಕ್ಕೆ ವೆಚ್ಚವಾಗುವ ಹಣದಲ್ಲಿ ಒಬ್ಬ ವಿದ್ಯಾರ್ಥಿನಿಗೆ ಪ್ರಾಕೃತ ಕಲಿಸಬಹುದೆಂಬುದನ್ನು ಪ್ರತಿಯೊಂದು ಮನೆಯೂ ಯೋಚಿಸಲಿ. ನೋಂಪಿಯ ಉದ್ಯಾಪನೆಗೆ ಉಕ್ಕಿನ ಪಾತ್ರೆಗಳನ್ನು ಹಂಚುವ ಬದಲು ಒಂದು ಗ್ರಂಥದ ಸಂರಕ್ಷಣೆಗೆ ನೆರವಾದರೆ ದೇಮಿಯಕ್ಕನ ಹೆಜ್ಜೆಯಲ್ಲಿ ನಡೆದಂತಾಗುತ್ತದೆ. ದಾನಫಲಕಗಳಲ್ಲಿ ಯಜಮಾನರ ಹೆಸರಿನ ಕೆಳಗೆ 'ಮತ್ತು ಕುಟುಂಬ' ಎಂದು ಬರೆದು ಮುಗಿಸುವ ರೂಢಿಯನ್ನೂ ಬಿಡಬೇಕು. ಹನ್ನೆರಡನೆಯ ಶತಮಾನದ ಲಿಪಿಕಾರ ದಾನಿಯ ಹೆಸರನ್ನು ಸ್ಪಷ್ಟವಾಗಿ ಬರೆದುದರಿಂದಲೇ ಇಂದು ದೇಮಿಯಕ್ಕ, ಮಲ್ಲಿಕಬ್ಬೆಯರು ನಮಗೆ ತಿಳಿದಿದ್ದಾರೆ.

ಮೂಡುಬಿದಿರೆಯ ಮಠದಲ್ಲಿ ಸನ್ಯಾಸಿನಿಯರ ನೆಲೆ ಎಲ್ಲಿದೆಯೆಂದು ಕೇಳುವವರಿಗೆ ತೋರಿಸಲು ಬೇರೆ ಕಟ್ಟಡವಿಲ್ಲ. ಗುರು ಬಸದಿಯ ಹೆಸರಿನೊಡನೆ ಬೆರೆತುಹೋದ ಓಲೆಗರಿಗಳಲ್ಲಿ ಒಂದು ನೆಲೆಯಿದೆ. ಶ್ರಾವಕರ ಮನೆಗಳ ಆಹಾರದಾನದ ಅಂಗಳದಲ್ಲಿ ಮತ್ತೊಂದು ನೆಲೆಯಿದೆ. ಮೊದಲನೆಯದನ್ನು ಪೂರ್ವಿಕರು ಉಳಿಸಿಕೊಟ್ಟರು. ಎರಡನೆಯದನ್ನು ಉಳಿಸಿಕೊಳ್ಳುವ ಭಾರ ಈಗಿನವರ ಮೇಲಿದೆ.